ನಳದ ಎಂಜಲ

ಈಗಲೂ ನಳದ ಕೆಳಗ ಲೋಟಾ ಹಿಡಿಯೋ ಮೊದಲು ನಾನು ಸ್ವಲ್ಪ ಹೊತ್ತು ನೀರು ಸುಮ್ಮನ ಹರಿಯಾಕ ಬಿಡ್ತೀನಿ. "ಅಜ್ಜಿ, ನೀರು ದಂಡ ಮಾಡಾಕತ್ತೀದಿ" ಅಂತ ಮೊಮ್ಮಕ್ಕಳು ಬೈತಾವ. ಬೈಲಿ. ನಮ್ಮ ರಾಯಚೂರ ಮನಿಯ ಹಿತ್ತಲದಾಗ ಒಂದು ಕಲ್ಲಬಾನಿ ಇತ್ತು, ಅದನ್ನ ಅವು ನೋಡಿಲ್ಲ. ನೋಡಿದ್ರ ನೀರು ಕುಡಿಯೋದನ್ನ ಬಿಟ್ಟು ಬಿಡತಿದ್ವು.

ನನ್ನ ತವರಮನಿ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣಾ ದಂಡಿ ಮ್ಯಾಲಿನ ಊರು. ನದಿಗೆ ಹೋಗಿ, ಮೈ ತೊಳಕೊಂಡು, ಕೊಡ ತುಂಬಿಕೊಂಡು ಬರೋದು ಬಿಟ್ರ ನೀರಿನ ಬಗ್ಗೆ ನನಗ ಬ್ಯಾರೆ ವಿಚಾರನ ಇರಲಿಲ್ಲ. ಇನ್ನೂ ನಿಜಾಮರ ರಾಜ್ಯ ಇದ್ದಾಗ, ನಲವತ್ತರ ಆಜೂಬಾಜು, ನನ್ನ ರಾಯಚೂರಿಗೆ ಕೊಟ್ರು. "ಪುಣ್ಯವಂತಿ ನೋಡ್ರಿ ನನ್ನ ಮಗಳು, ಮನಿಯೊಳಗ ನಳ ಅದ" ಅಂತ ನಮ್ಮವ್ವ ಊರ ತುಂಬ ಹೇಳಿಕೊಂಡು ಬಂದಿದ್ಲು. ನಮ್ಮ ನದಿ ನೀರು ಪೈಪಿನಾಗ ಹೊಕ್ಕು ನನ್ನ ಹಿಂದ ಹಿಂದ ಗಂಡನ ಮನಿಗೆ ಬರ್ತದ ಅಂತ ನಾನೂ ಹಿಗ್ಗಿದ್ದೆ. ಎಂಥಾ ಹುಚ್ಚು ಹಿಗ್ಗು ಅದು!

ಮನಿಯೊಳಗ ಮಂದಿ ಭಾಳ ಇರಲಿಲ್ಲ. ಮಾವನವರು ಗುಡಿಯ ಪೂಜಿ ಮಾಡತಿದ್ರು. ಅವರ ಹೆಂಡತಿ ನಾ ಬರೋಕಿಂತ ಮೊದಲ ತೀರಿಕೊಂಡಿದ್ರು. ಮನಿ ನಡಸತಿದ್ದವರು ಮಾವನವರ ಅಕ್ಕ. ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡು, ತಲಿಗೂದಲ ತಗಸಿಕೊಂಡು, ಕೆಂಪು ಸೀರಿ ಉಟ್ಟು ತಮ್ಮನ ಮನಿ ಸೇರಿದವರು. ಅವರಿಗೆ ನಾವೆಲ್ಲಾ ಅತ್ಯಾ ಅಂತಿದ್ವಿ. ನನ್ನ ಗಂಡ ಮಾನ್ವಿಯೊಳಗ ಮಾಸ್ತರ. ಆಗ ಸಾಲಿಗೆ ಶುಕ್ರವಾರ ಸೂಟಿ. ಗುರುವಾರ ಸಂಜಿಗೆ ಮೋಟಾರ ಹತ್ತಿ ಬಂದವರು ಶನಿವಾರ ನಸುಕಿನಾಗ ಹೊಂಟು ಹೋಗಿಬಿಡತಿದ್ರು. ಉಳಿದ ದಿನ ನಾನು, ಅತ್ಯಾ, ಮಾವನವರು, ಒಂದು ಆಕಳಾ, ಮತ್ತ ಆ ನಳ.

ನಳ ಇದ್ದದ್ದು ಹಿತ್ತಲದಾಗ, ದನದ ಕೊಟ್ಟಿಗಿ ಬಾಜೂಕ, ಅದರ ಕೆಳಗ ಆ ಕಲ್ಲಬಾನಿ. ಓಣಿಯ ದೊಡ್ಡ ಪೈಪಿನಿಂದ ಒಂದು ಸಣ್ಣ ಪೈಪು ನಮ್ಮ ಹಿತ್ತಲದ ಗ್ವಾಡಿ ಹಿಡಕೊಂಡು ಬಂದು, ನಮಗೊಂದು ನಳ ಕೊಟ್ಟು, ಅಲ್ಲಿಂದ ಇಳಿಜಾರಿನಾಗ ಕೆಳಗಿನ ಓಣಿಗೆ ಹೋಗತಿತ್ತು. ಕೆಳಗಿನ ಓಣಿ ಕೂಲಿ ಮಾಡೋ ಮಂದೀದು, ಊರವರು ಮುಟ್ಟದಂಥಾ ಮಂದೀದು. ಅವರ ಓಣಿಯ ಕಡೀಗೆ, ಪೈಪಿನ ಕೊನಿಗೆ, ಎಲ್ಲರಿಗೂ ಸೇರಿ ಒಂದ ನಳ. ನಮಗೂ ಅವರಿಗೂ ಒಂದ ಪೈಪು. ಇದು ಅತ್ಯಾಗ ಮೊದಲ ದಿನದಿಂದ ಕಣ್ಣಾಗ ಮಣ್ಣು ಬಿದ್ದಂಗ ಆಗಿತ್ತು.

ನಳದ ಬಗ್ಗೆ ಅತ್ಯಾಂದು ಎರಡು ಕಟ್ಟಳಿ. ನಳದೊಳಗ ನೀರು ತಡಿಯಾಕ ಚರ್ಮದ ಬಿಲ್ಲಿ ಇರ್ತದ ಅಂತ ಯಾರೋ ಅವರ ಕಿವಿಗೆ ಹಾಕಿದ್ರು. ಖರೇನೂ ಹೌದು, ಆಗಿನ ನಳದಾಗ ಚರ್ಮದ ಬಿಲ್ಲಿನ ಇರತಿತ್ತು. ಹಿಂಗಾಗಿ ನಮ್ಮ ಮನಿಯೊಳಗ ನಳದ ಹಿಡಿಕಿ ಯಾರೂ ಮುಟ್ಟೋ ಹಂಗಿಲ್ಲ. ನಳ ಕೂಡಿಸಿದ ದಿನ ಕೆಲಸದವರು ತಿರುವಿಟ್ಟು ಹೋದದ್ದು ಹಂಗ ತೆರದ ಇರತಿತ್ತು, ಹಗಲೂ ರಾತ್ರಿ. "ನೀರು ತಾನ ಬರ್ತದ, ತಾನ ಹೋಗ್ತದ. ನಾವ್ಯಾಕ ಚರ್ಮ ಮುಟ್ಟಬೇಕು?" ಅಂತಿದ್ರು ಅತ್ಯಾ. ನಸುಕಿನಾಗ ನೀರು ಬರೋದು, ಬಿಸಿಲು ಏರೋ ಹೊತ್ತಿಗೆ ನಿಂತು ಹೋಗೋದು. ಬಾನಿ ತುಂಬಿ ಚೆಲ್ಲಿದ್ರ ಚೆಲ್ಲಲಿ, ತುಳಸಿಗಿಡದ ಬುಡಕ್ಕ ಹೋಗ್ತದ.

ಎರಡನೇ ಕಟ್ಟಳಿ ಸಿಡಿಯದು. ನೀರು ಮ್ಯಾಲಿಂದ ಬಿದ್ದು ಸಿಡದು, ಆ ಹನಿ ನೆಲಾ ಮುಟ್ಟಿ ಮತ್ತ ಸೀರಿಗೆ ಹಾರಿದ್ರ ಮಡಿ ಹೋಯ್ತು. ಸ್ನಾನ ಮತ್ತೊಮ್ಮಿ. ಅದಕ್ಕ ಅತ್ಯಾ ಕಂಚಗಾರನ್ನ ಕರಸಿ ಒಂದು ಹಿತ್ತಾಳಿ ಕೊಳವಿ ಮಾಡಿಸಿದ್ರು. ಒಂದು ತುದಿ ನಳದ ಬಾಯಿಗೆ ಗಟ್ಟಿ ಕೂತಿತ್ತು, ಇನ್ನೊಂದು ತುದಿ ಬಾನಿಯೊಳಗ ಇಳದು ತಳಾ ಮುಟ್ಟಲಿಕ್ಕೆ ನಾಲ್ಕು ಬೆರಳು ಕಡಿಮಿ. ನೀರು ಬಂದದ್ದು ಗೊತ್ತಾಗದಂಗ ಬಾನಿ ತುಂಬತಿತ್ತು, ಒಂದು ಹನಿ ಸಿಡೀತಿರಲಿಲ್ಲ. ಹುಣಸಿಹಣ್ಣು ಹಚ್ಚಿ ಆ ಕೊಳವಿ ತಿಕ್ಕೋ ಕೆಲಸ ನಂದು. ಬಂದ ಬಂದ ನೆಂಟರನ್ನೆಲ್ಲಾ ಅತ್ಯಾ ಕರಕೊಂಡು ಹೋಗಿ ಅದನ್ನ ತೋರಸತಿದ್ರು.

ಇನ್ನ ಆ ಬಾನಿಯೊಳಗ ಏನೇನು ಬೀಳತಿತ್ತು ಅಂತ ಹೇಳ್ತೀನಿ, ಊಟಕ್ಕ ಕೂತಿದ್ರ ಆಮ್ಯಾಲ ಓದ್ರಿ. ದೇವರಿಗೆ, ಅಡಿಗಿಗೆ ಬಾವಿ ನೀರು, ಅದನ್ನ ಸೇದೋದು ನಾನು. ಬಾನಿ ನೀರು ಹೊರಗಿನ ಬಳಕಿಗೆ. ಆಕಳಾ ಮೂತಿ ಅದ್ದಿ ಕುಡಿಯೋದು ಅದರಾಗ. ಕುಡದು ತಲಿ ಎತ್ತಿದ್ರ ಮೂಗಿನಿಂದ ಉದ್ದಾನುದ್ದ ಲೋಳಿ ಇಳಿಯೋದು ಅದರಾಗ. ಆಕಳದ ಬಾಯಿ ಎಂಜಲಲ್ಲ, ಶಾಸ್ತ್ರದಾಗ ಅದ ಅಂತ ಅತ್ಯಾ ಹೇಳತಿದ್ರು. ಮೈಲಿಗಿ ಧೋತರ ನೆನಸೋದು ಅದರಾಗ. ಸೆಗಣಿ ಕೈ ತೊಳಿಯೋದು ಅದರಾಗ. ತಳದಾಗ ಹಸರು ಪಾಚಿ, ಮ್ಯಾಲ ಸೊಳ್ಳಿ ಹುಳ. ಮಾವನವರು ನಶ್ಯ ಏರಿಸಿ, ಸೀನಿ, ಆ ಬೆರಳ ಅದರಾಗ ಅದ್ದೋರು. ಇಷ್ಟಾಗಿದ್ರ ನಾ ಹೆಂಗೋ ತಡಕೊಂತಿದ್ದೆ. ಒಂದಿನ ಅವರು ಪಾಯಖಾನಿಯಿಂದ ಚರಿಗಿ ಹಿಡಕೊಂಡು ಬಂದು, ಆ ಕಡಿ ಈ ಕಡಿ ನೋಡಿ, ನೀರು ಹಾಕೋರು ಯಾರೂ ಇಲ್ಲಂತ ಆ ಚರಿಗೀನ ಸೀದಾ ಬಾನಿಯೊಳಗ ಅದ್ದಿದ್ದು ನನ್ನ ಕಣ್ಣಿಗೆ ಬಿತ್ತು. ಛೀ! ಅದ ಕೈಲೆ ದೇವರಿಗೆ ಗಂಧ ತೇಯೋದು. ಅವತ್ತು ಅವರು ಕೊಟ್ಟ ತೀರ್ಥ ನಾನು ಸೆರಗಿಗೆ ಒರಸಿಕೊಂಡೆ.

ಈಗ ಹಿತ್ತಲ ಬಾಗಿಲಿಗೆ ಬರೋಣ. ಕೆಳಗಿನ ಓಣಿಯ ಒಬ್ಬ ಹೆಣ್ಣುಮಗಳು ದಿನಾ ಮುಂಜಾನಿ ಆ ಬಾಗಿಲಿಗೆ ಬರತಿದ್ಲು, ಸೆಗಣಿ ಕಸ ಒಯ್ಯಾಕ. ಹೊಸ್ತಿಲ ದಾಟೋ ಹಂಗಿಲ್ಲ. ನಾನು ಬುಟ್ಟಿ ಹೊಸ್ತಿಲ ತನಕಾ ದಬ್ಬತಿದ್ದೆ, ಅಕಿ ಆ ಕಡಿಂದ ಎಳಕೊಂತಿದ್ಲು. ಹೆಚ್ಚು ಕಡಿಮಿ ನನ್ನ ವಯಸ್ಸಿನಾಕಿ. ಟೊಂಕಕ್ಕ ಒಂದು ಕೂಸು ಕಟಗೊಂಡಿರತಿದ್ಲು. ಅತ್ಯಾ ಒಳಗ ಜಪಕ್ಕ ಕೂತಾಗ ಇಬ್ಬರೂ ಹೊಸ್ತಿಲಿನ ಆ ಕಡಿ ಈ ಕಡಿ ನಿಂತು ಮಾತಾಡತಿದ್ವಿ. ಆ ಮನಿಯೊಳಗ ನನ್ನ ಸಂಗಟ ನಕ್ಕೋತ ಮಾತಾಡೋಳು ಅಕಿ ಒಬ್ಬಾಕಿನ.

ಅಕಿಗೆ ಆ ನಳ ಅಂದ್ರ ಅಷ್ಟಿಷ್ಟಲ್ಲ. "ನಳ ಬರೋಕಿಂತ ಮೊದಲ ಬಾವಿ ಕಟ್ಟಿ ಕೆಳಗ ಕೊಡ ಇಟಗೊಂಡು ಕುಂದರತಿದ್ವಿ ಸಣ್ಣವ್ವಾರ" ಅಂತ ಒಂದಿನ ಹೇಳಿದ್ಲು. "ನಾವು ಬಾವಿ ಮುಟ್ಟಂಗಿಲ್ಲಲ್ರೀ. ಯಾರಾರ ಬಂದು ಸೇದಿ ಮ್ಯಾಲಿಂದ ಹಾಕಬೇಕು. ಯವ್ವಾ ಹಾಕ್ರಿ, ಯಪ್ಪಾ ಹಾಕ್ರಿ, ಕೂಗಿ ಕೂಗಿ ಇದ್ದ ನೀರೂ ಗಂಟಲದಾಗ ಒಣಗತಿತ್ತು. ಮನಸಿದ್ರ ಹಾಕತಿದ್ರು, ಇಲ್ಲಾಂದ್ರ ಖಾಲಿ ಕೊಡ ಹೊತಗೊಂಡು ಮನಿಗೆ. ಈಗ ನಮ್ಮ ಕೈಲೆ ತಿರುವತೀವಿ, ನಮ್ಮ ಕೈಲೆ ತುಂಬತೀವಿ. ನಮ್ಮತ್ತಿ ಮೊದಲ ದಿನ ನಳಾ ತಿರುವಿ ಅತ್ತುಬಿಟ್ಲು ನೋಡ್ರಿ." ಇದನ್ನ ಹೇಳೋವಾಗ ಅಕಿ ಕೈಯಿ ಗಾಳಿಯೊಳಗ ನಳಾ ತಿರುವಿದಂಗ ಮಾಡತಿತ್ತು.

ನಮ್ಮ ಮನಿ ಕೆಲಸ ಮುಗಿಸಿ ಹೋಗೋದರಾಗ ಅಕಿಗೆ ತಡಾ ಆಗತಿತ್ತು. ಅಷ್ಟೊತ್ತಿಗೆ ನೀರು ನಿಂತಿರತಿತ್ತು. "ಆದ್ರೂ ನಮ್ಮ ನಳಾ ಛಲೋದು ರೀ, ನೀರು ಹೋದ ಮ್ಯಾಲೂ ಸಣ್ಣಗ ಬರ್ತಾನ ಇರ್ತದ. ನನ್ನ ಕೊಡ ತುಂಬೋದು ಅದರಾಗ" ಅಂತಿದ್ಲು. ನೀರಿನಾಗ ಹುಲ್ಲಿನ ಕಡ್ಡಿ ಬರ್ತಾವ, ನದಿ ನೀರಲ್ಲೇನ್ರೀ, ಬರೂದ ಅಂತಿದ್ಲು. ಕೂಸಿಗೆ ಮಾತ್ರ ಹೊಟ್ಟಿ ಸರಿ ಇರತಿರಲಿಲ್ಲ. ತೆಳ್ಳಗ ಹೋಗೋದು, ವಾಂತಿ ಮಾಡಿಕೊಳ್ಳೋದು. ದೃಷ್ಟಿ ಆಗ್ಯದ ಅಂತ ಕೊರಳಿಗೆ ಕರಿದಾರ ಕಟ್ಟಿದ್ಲು.

ಇಂಥಾದರಾಗ ಬ್ಯಾಸಗಿ ಬಂತು, ನಮ್ಮ ನಳ ಕೆಮ್ಮಾಕ ಹತ್ತಿತು. ನಸುಕಿನಾಗ ನೀರು ಬರೋ ಮೊದಲು ಕೊಳವಿಯೊಳಗಿಂದ ಖೊಕ್ ಖೊಕ್ ಅಂತ ಸಪ್ಪಳ. ಸ್ವಲ್ಪ ಸುಮ್ಮನಾಗೋದು. ಮತ್ತ ಗೊರ್ ಅಂದು, ಥೂ ಅಂತ ಉಗುಳಿದಂಗ ನೀರು ಹಾರೋದು. ಹಿಂದ ಹಿಂದ ಹಾಲಿನಂಥಾ ಬೆಳ್ಳನ್ನ ನೀರು. ಸಿಡಿ ಆಗಬಾರದಂತ ಮಾಡಿಸಿದ ಕೊಳವಿ ಒಂದಿನ ಅತ್ಯಾನ ಮುಖಕ್ಕ, ಮಡಿ ಸೀರಿಗೆ, ಜಪಮಣಿಗೆ ಉಗುಳಿಬಿಟ್ಟಿತು. ಅವರು ಚೀರಿದ್ದು ಮಗ್ಗಲ ಮನಿಗೆ ಕೇಳಿರಬೇಕು. ನನಗ ನಗಿ ಬಂತು, ಸೆರಗು ಬಾಯಿಗೆ ಇಟಗೊಂಡೆ.

ನಗೋ ಮಾತಲ್ಲ ಅಂತ ಆಮ್ಯಾಲ ಗೊತ್ತಾತು. ಅತ್ಯಾ ಸ್ನಾನ ಮಾಡಿ ಬಂದು ಪಡಸಾಲಿಯೊಳಗ ನಿಂತು ತೀರ್ಪು ಹೇಳಿದ್ರು. "ಇದು ಎಂಜಲ. ಆ ಕೆಳಗಿನವರು ನಳಕ್ಕ ಬಾಯಿ ಹಚ್ಚಿ ಕುಡೀತಾರ. ಅವರ ಉಗುಳ ಪೈಪಿನಾಗ ಹತ್ತಿ ನಮಗ ಬರಾಕತ್ತದ. ನೋಡಿದ್ಯಲ್ಲೋ ತಮ್ಮಾ, ಹೆಂಗ ನೊರಿ ನೊರಿ? ನೀರು ಎಂದಾರ ಉಗುಳ್ತದ ಏನು? ಮನಷ್ಯಾರು ಉಗುಳ್ತಾರ." ಮಾವನವರು ನಶ್ಯದ ಡಬ್ಬಿ ಮುಚ್ಚಿ, "ಹೌದವಾ, ಹಂಗ ಇರಬೇಕು" ಅಂದ್ರು. "ಆ ನಳ ಕೀಳಿಸಬೇಕು" ಅಂದ್ರು ಅತ್ಯಾ. ನಳದ ಕಚೇರಿಯ ದರೋಗಾ ಮಾವನವರಿಗೆ ಪರಿಚಯದಾವ. ಹೋಗಿ ಹೇಳಿದ್ರ ಮುಗೀತು. ನನ್ನ ಕಣ್ಣ ಮುಂದ ಅಕಿ ಕೈಯಿ ಗಾಳಿಯೊಳಗ ತಿರುವಿದ್ದ ಬಂತು. ಬಾವಿ ಕಟ್ಟಿ ಕೆಳಗ ಮತ್ತ ಕೊಡ ಹಿಡಕೊಂಡು ಕುಂದರಬೇಕೇನು ಅಕಿ?

ಗುರುವಾರ ನನ್ನ ಗಂಡ ಬಂದ್ರು. ಹೇಳಿದೆ. ಅವರ ಹತ್ತಿರ ಚಹಾ ಕುಡಿಯಾಕ ಒಂದು ಗಾಜಿನ ಗ್ಲಾಸ ಇತ್ತು. ಗಾಜಿಗೆ ಮಡಿ ಇಲ್ಲಂತ ಅತ್ಯಾ ಅದನ್ನ ಮನಿಯೊಳಗ ಸೇರಸತಿರಲಿಲ್ಲ, ಕೊಟ್ಟಿಗಿ ಗೂಡಿನಾಗ ಇಡತಿದ್ವಿ. ಮರುದಿನ ನಸುಕಿನಾಗ ನಳ ಕೆಮ್ಮಿ ಉಗುಳಿದ ಕೂಡ್ಲೆ ಅವರು ಆ ಬೆಳ್ಳನ್ನ ನೀರು ಗ್ಲಾಸಿನಾಗ ಹಿಡದು ಕಟ್ಟಿ ಮ್ಯಾಲ ಇಟ್ರು. ಇಬ್ಬರೂ ಬಗ್ಗಿ ನೋಡಿಕೋತ ಕೂತ್ವಿ. ಸ್ವಲ್ಪ ಹೊತ್ತಿಗೆ ತಳದಾಗ ತಿಳಿ ಆತು. ತಿಳಿ ಮ್ಯಾಲ ಮ್ಯಾಲ ಏರತಾ, ಬಿಳುಪು ತುದಿಗೆ ಹೋಗಿ ಮಾಯ ಆತು. "ನೋಡು, ಹೊಲಸಾಗಿದ್ರ ತಳಕ್ಕ ಕೂಡತಿತ್ತು. ಇದು ಕೆಳಗಿಂದ ತಿಳಿ ಆತು, ಅಂದ್ರ ಗಾಳಿ. ಬರೇ ಗಾಳಿ. ಪೈಪಿನಾಗ ಗಾಳಿ ಹೊಕ್ಕದ" ಅಂದ್ರು. ಭಾಳ ಹುಶಾರ್ ಅನ್ನಿಸಿತು ನನಗ.

ಆ ಹುಶಾರಿ ಪಡಸಾಲಿಗೆ ಹೋಗಿ ಮಣ್ಣಾಗಿ ಬಂತು. "ಗಾಳಿ ಅಂತೀ ಏನಪಾ? ಸರಿ. ಗಾಳಿ ಎಲ್ಲಿಂದ ಬಂತು? ಪೈಪು ಕಬ್ಬಿಣದ್ದು, ನೆಲದಾಗ ಹುಗದದ್ದು" ಅಂತ ಅತ್ಯಾ ಕೇಳಿದ್ರು. ನನ್ನ ಗಂಡಗ ಅದು ಗೊತ್ತಿರಲಿಲ್ಲ. ತಲಿ ಕೆರಕೊಂಡ್ರು. "ನಾ ಹೇಳ್ತೀನಿ ಕೇಳು. ಬಾಯಿ ಹಚ್ಚಿ ಊದ್ತಾರ. ಅವರ ಉಸರು ಅದು. ಬರೇ ಉಗುಳ ಅಂತ ತಿಳಿದಿದ್ದೆ, ಈಗ ಉಸರೂ ಬಂತು" ಅಂದ್ರು ಅತ್ಯಾ. ಮಾವನವರು ಅವತ್ತ ಸಂಜಿಗೆ ದರೋಗಾನ ಹತ್ತಿರ ಹೋಗಿ ಬಂದ್ರು. ದಸಮಿ ದಿನ ಬಂದು ನೋಡ್ತೀನಿ, ತಪ್ಪು ಅವರದಿದ್ರ ಆ ನಳಾ ಕಿತ್ತಸ್ತೀನಿ ಅಂದಿದ್ನಂತ. ರಾತ್ರಿ ನಾನು, "ನೀವಾರ ಗಟ್ಟಿ ಹೇಳಬಾರದ?" ಅಂತ ಗಂಡನ್ನ ಕೇಳಿದೆ. "ಹೋಗಲಿ ಬಿಡು. ನಮಗ್ಯಾಕ ಊರ ಉಸಾಬರಿ" ಅಂತ ಗ್ವಾಡಿ ಕಡಿ ಹೊಳ್ಳಿದ್ರು. ಶನಿವಾರ ನಸುಕಿನಾಗ ಮಾನ್ವಿ ಮೋಟಾರ ಹತ್ತಿ ಹೋದ್ರು. ಗ್ಲಾಸ ಹಿಡದು ಮಾಸ್ತರಕಿ ಮಾಡಿದ ಮನಷ್ಯಾ! ಅವರ ಎಂಜಲ ತಟ್ಟಿ ತಗಿಯಾಕ ನನಗ ಎಷ್ಟೋ ದಿನ ಮನಸ ಆಗಲಿಲ್ಲ.

ಗಾಳಿ ಎಲ್ಲಿಂದ ಬಂತು ಅನ್ನೋ ಅತ್ಯಾನ ಪ್ರಶ್ನಿ ಮಾತ್ರ ಖರೆ ಪ್ರಶ್ನಿ. ನನ್ನ ತಲಿಯೊಳಗ ಅದು ಕೂತುಬಿಟ್ಟಿತು. ಇನ್ನೊಂದು ಮಾತೂ ಇತ್ತು. ಬ್ಯಾಸಗಿ ಹತ್ತಿದಾಗಿಂದ, ಮುಂಜಾನಿ ಚೆಲ್ಲೋ ಹಂಗ ತುಂಬಿದ ಬಾನಿ, ಯಾರೂ ಬಳಸದಿದ್ರೂ, ಮಧ್ಯಾಹ್ನದಾಗ ತಳಾ ಕಾಣತಿತ್ತು. ಕೆಳಗಿನಾಕಿ ಕದೀತಾಳ ಅಂತ ಅತ್ಯಾ ಹೇಳತಿದ್ರು. ಹೊಸ್ತಿಲ ದಾಟದಾಕಿ ಬಾನಿ ನೀರು ಹೆಂಗ ಕದೀತಾಳ? ಗಂಡ ಹೋದ ದಿನಾನ ನಾನು ಹೂಬತ್ತಿ ಮಾಡೋ ಅರಳಿ ತಗೊಂಡು ಬಾನಿ ಬಾಜೂಕ ಕೂತೆ. ಬತ್ತಿ ಹೊಸೆಯೋದು ಅಲ್ಲಿ ಕೂಡಾಕ ಒಂದು ನೆವಾ.

ಬಿಸಿಲು ಏರಿತು. ಕೊಳವಿಯ ನೀರು ನಿಂತಿತು. ಆಕಳಾ ಆಗಷ್ಟ ಕುಡದು ಹೋಗಿತ್ತು. ಮ್ಯಾಲ ಹುಲ್ಲಿನ ಕಡ್ಡಿ, ನೊರಿ, ಲೋಳಿ ತೇಲಾಕತ್ತಿತ್ತು. ಬಾನಿಯೊಳಗಿನ ಒಂದು ಕಡ್ಡಿ ನೀರಿನಾಗ ಇಳದು, ಮೆಲ್ಲಕ ಕೊಳವಿ ಬಾಯಿಗೆ ಹೋತು. ಹೋಗಿ, ಒಳಗ ಹೊಕ್ಕಿತು. ನಾ ಕಣ್ಣು ಮಿಟಕಸಲಿಲ್ಲ. ಇನ್ನೊಂದು ಕಡ್ಡಿ. ಒಂದು ಪಾಚಿ ಚೂರು. ಬಾನಿ ನೀರು ಇಳಿಯಾಕತ್ತಿತ್ತು, ಕೊಳವಿ ಅದನ್ನ ಕುಡಿಯಾಕತ್ತಿತ್ತು! ನೀರು ಕೊಳವಿಯ ಬಾಯಿ ಮಟಾ ಇಳಿದಾಗ ಗೊರ್ ಅಂತ ಸಪ್ಪಳ ಆತು. ಕೈಯಾಗಿದ್ದ ಒಂದು ಹೂಬತ್ತಿ ಕೊಳವಿ ಬಾಯಿಗೆ ಹಿಡದೆ. ಸುಂಯ್ ಅಂತ ಎಳಕೊಂಡು ನುಂಗಿಬಿಟ್ಟಿತು.

ಎಲ್ಲಾ ಒಂದ ಸಲಕ್ಕ ತಿಳೀತು. ಮ್ಯಾಲಿನ ನೀರು ನಿಂತ ಮ್ಯಾಲ ಪೈಪಿನಾಗ ಇದ್ದ ನೀರು ಇಳಿಜಾರಿಗೆ ಕೆಳಗಿನ ನಳಕ್ಕ ಹೋಗ್ತದ. ಹೋಗೋವಾಗ ಹಿಂದಿಂದ ಎಳೀತದ. ನಾವು ಎಂದೂ ಮುಚ್ಚದ ನಳದಿಂದ, ತಳಕ್ಕ ಇಳಿಸಿದ ಕೊಳವಿಯಿಂದ, ಬಾನಿ ನೀರು ಎಳೀತದ. ಬ್ಯಾಸಗಿಯಾಗ ಕೆಳಗ ಹೆಚ್ಚು ಕೊಡ ತುಂಬತಾರ, ಬಾನಿ ಮುಗೀತದ, ಮುಗದ ಮ್ಯಾಲ ಗಾಳಿ ಎಳೀತದ. ಮರುದಿನ ನೀರು ಬರೋವಾಗ ಆ ಗಾಳೀನ ನಮಗ ಕೆಮ್ಮಿ ಉಗುಳ್ತದ. ಅವರ ಉಸರಲ್ಲ, ನಮ್ಮ ಹಿತ್ತಲದ್ದ ಗಾಳಿ. ಮತ್ತ ಆ ಬಾನಿ ನೀರು? ನೀರು ಹೋದ ಮ್ಯಾಲೂ ಸಣ್ಣಗ ಬರ್ತಾನ ಇರ್ತದ ಅಂದಿದ್ಲಲ್ಲ ಅಕಿ. ನನ್ನ ಕೊಡ ತುಂಬೋದು ಅದರಾಗ ಅಂದಿದ್ಲಲ್ಲ. ಲೋಳಿ, ಸೆಗಣಿ, ನಶ್ಯದ ಸೀನು, ಆ ಚರಿಗಿ. ನಾನು ಕೊಟ್ಟಿಗಿ ಹಿಂದ ಹೋಗಿ ತಿಂದದ್ದೆಲ್ಲಾ ಕಾರಿಕೊಂಡೆ.

ಬಾಯಿ ತೊಳಕೊಂಡು ಸೀದಾ ಅತ್ಯಾನ ಹತ್ತಿರ ಹೋಗಿ ಹೇಳಿದೆ. ಒಂದೂ ಬಿಡದ ಹೇಳಿದೆ. ಅವರು ಜಪಮಣಿ ಎಣಿಸೋದು ನಿಲ್ಲಿಸಲಿಲ್ಲ. "ಹುಚ್ಚಿ, ನೀರು ಕೊಡೋ ನಳ ನೀರು ಕುಡೀತದ ಏನು?" ಅಂದ್ರು. ಬಂದು ನೋಡ್ರಿ ಅಂದೆ. "ಅದನ್ನೇನು ನೋಡೋದು. ಒಂದು ಮಾತು ಹೇಳ್ತೀನಿ ಕೇಳು, ನಮ್ಮ ಮನಿ ನೀರು ಅವರಿಗೆ ಹೋತು ಅಂತ ತಿಳಿ. ಹೋದ್ರ ಅವರ ಪುಣ್ಯಾ." ಮಾವನವರು ಚರಿಗಿ ಮಾತು ಬಂದ ಕೂಡ್ಲೆ ಕೆಂಡ ತುಳದವರಂಗ ಎದ್ದು, "ಸೊಸಿಗೆ ಬಾಯಿ ಭಾಳ ಆಗ್ಯದ, ಗೂಗಲಕ್ಕ ಕಳಸಿ ಬಿಡ್ರಿ" ಅಂದ್ರು. ನನ್ನ ಮಾತು ಅಲ್ಲಿಗೆ ಮುಗೀತು.

ದಸಮಿ ದಿನ ಬಂತು. ಮರುದಿನ ಏಕಾದಶಿ, ಗುಡಿಗೆ ಉಡೋ ಧೋತರಕ್ಕೆಲ್ಲಾ ದಸಮಿಗೆ ನೀಲಿ ಹಾಕೋದು ನಮ್ಮನಿ ವಾಡಿಕಿ. ಅದೂ ಆ ಬಾನಿಯೊಳಗ. ಮುಂಜಾನಿ ಅಕಿ ಸೆಗಣಿ ಒಯ್ಯಾಕ ಬಂದಾಗ ನಾ ಮೆಲ್ಲಕ ಹೇಳಿದೆ, "ಇವತ್ತ ನೀರು ನಿಂತ ಮ್ಯಾಲ ನಿಮ್ಮ ನಳದಾಗ ಏನು ಬರ್ತದ, ಅದನ್ನ ಕುಡೀಬ್ಯಾಡ. ಕೂಸಿಗಂತೂ ಹಾಕಬ್ಯಾಡ. ಕೊಡದಾಗ ಹಿಡದು ಹಂಗ ಇಲ್ಲಿಗೆ ತಗೊಂಡು ಬಾ." "ಯಾಕ್ರೀ ಸಣ್ಣವ್ವಾರ?" ಅಂದ್ಲು. "ನಿಮ್ಮ ನಳಾ ಕೀಳಸಾಕ ಬರಾಕತ್ತಾರ. ತಗೊಂಡು ಬಾ ಬೇ" ಅಂದೆ. ಅಕಿ ಮುಖದಾಗಿನ ನಗಿ ಆರಿ ಹೋತು. ಬುಟ್ಟಿ ಎತ್ತಿಕೊಂಡು ಹೋದ್ಲು.

ಆಮ್ಯಾಲ ನಾನು ಡಬ್ಬಿಯಾಗಿದ್ದ ನೀಲಿ ಅಷ್ಟೂ ಬಾನಿಯೊಳಗ ಸುರದೆ. ಧೋತರ ಹಾಕಿದೆ. "ಏ, ಇಷ್ಟ್ಯಾಕ ಹಾಕಿದಿ? ನಿಮ್ಮಪ್ಪ ತಂದು ಕೊಟ್ಟಾನೇನು?" ಅಂತ ಅತ್ಯಾ ಬೈದ್ರು. ಕೈ ಜಾರಿತು ಅಂದೆ. ದರೋಗಾ ಬಂದ. ಶೇರವಾನಿ, ಕೆಂಪು ಟೊಪ್ಪಿಗಿ, ಎಲಿ ಅಡಿಕಿ ಬಾಯಿ. ಮುಸಲ್ಮಾನರಾವ, ಅವನ್ನ ಅಂಗಳದಿಂದ ಒಳಗ ಕರಿಯೋ ಹಂಗಿಲ್ಲ, ಹಿತ್ತಲ ಬಾಗಿಲಿನಿಂದ ಕರಕೊಂಡು ಬಂದ್ರು. ಮಾವನವರು ಕೆಳಗಿನವರ ಬಾಯಿ, ಉಗುಳ, ಉಸರು ಎಲ್ಲಾ ವಿವರಿಸಿದ್ರು. ಅವನು ಹೂಂ ಹೂಂ ಅಂತ ಕೇಳಿದ. ನಾನು ಗ್ವಾಡಿಗೆ ಹತ್ತಿ ನಿಂತು ಕೊಳವೀನ ನೋಡಾಕತ್ತಿದ್ದೆ. ನೀರು ನಿಂತಿತು. ಬಾನಿಯ ನೀಲಿ ನೀರು ಇಳಿಯಾಕ ಹತ್ತಿತು. ಅವರು ಯಾರೂ ಬಾನಿ ಕಡಿ ನೋಡಲಿಲ್ಲ, ಕೆಳಗಿನ ಓಣಿ ಕಡಿ ಕೈ ಮಾಡಿ ಮಾತಾಡಾಕತ್ತಿದ್ರು. ಗೊರ್ ಅಂತ ಸಪ್ಪಳ ಆದಾಗ ದರೋಗಾ ಹೊಳ್ಳಿ ನೋಡಿದ. ಬಾನಿಯ ತಳದಾಗ ಧೋತರ ಮುದ್ದಿ ಆಗಿ ಬಿದ್ದಿದ್ವು, ನಾಲ್ಕು ಬೆರಳು ನೀರಷ್ಟ ಉಳದಿತ್ತು.

ಅಷ್ಟೊತ್ತಿಗೆ ಹೊಸ್ತಿಲಿನ ಆ ಕಡಿ ಅಕಿ ಬಂದು ನಿಂತಿದ್ಲು. ಟೊಂಕದಾಗ ಕೂಸು, ಎರಡೂ ಕೈಯಾಗ ಕೊಡ. ಹಿಂದ ಓಣಿಯ ನಾಲ್ಕಾರು ಹೆಂಗಸರು. ಅಕಿ ಕೊಡ ಬಗ್ಗಿಸಿದ್ಲು. ಗಾಢ ನೀಲಿ ನೀರು ಹೊಸ್ತಿಲ ಕಲ್ಲಿನ ಮ್ಯಾಲ ಹರದು ಮಾವನವರ ಕಾಲ ತನಕಾ ಬಂತು. ಅವರು ಹಿಂದ ಸರದ್ರು. ದರೋಗಾ ನೀರು ನೋಡಿದ, ಬಾನಿ ನೋಡಿದ, ಕೊಳವಿ ನೋಡಿದ. ನಳದ ಹಿಡಿಕಿ ನೋಡಿದ. "ಇದನ್ನ ಯಾವಾಗ ಮುಚ್ಚತೀರಿ ಸ್ವಾಮಿ?" ಅಂತ ಕೇಳಿದ. ಮಾವನವರು ನಶ್ಯದ ಡಬ್ಬಿ ತಗದ್ರು.

ಅಕಿ ಮಾತಾಡಿದ್ಲು. ದರೋಗಾನ ಸಂಗಟ ಅಲ್ಲ, ಅತ್ಯಾನ ಸಂಗಟ. ಅಕಿ ಅತ್ಯಾನ ಮುಖ ನೋಡಿ ಮಾತಾಡಿದ್ದು ಅದ ಮೊದಲು. "ದೊಡ್ಡವ್ವಾರ, ಇವತ್ತ ನೀಲಿ ಹಾಕೀರಿ, ಅದಕ್ಕ ಕಾಣಸ್ತು. ನಿನ್ನಿ ಏನ್ ಹಾಕಿದ್ರಿ? ಮೊನ್ನಿ ಏನ್ ಹಾಕಿದ್ರಿ? ನನ್ನ ಕೂಸು ಇಷ್ಟ ದಿನ ಏನ್ ಕುಡೀತು ರೀ?"

ಕೂಸು ನೀಲಿ ನೀರಿನಾಗ ಕೈ ಆಡಸಾಕ ಜಗ್ಗಾಡತಿತ್ತು, ಅಕಿ ಬಿಡಲಿಲ್ಲ. ನನಗ ಹೇಳಾಕ ಗೊತ್ತಿತ್ತು, ಪಟ್ಟಿ ಮಾಡಿ ಹೇಳಬಹುದಿತ್ತು. ತಾಯಿ ಮುಂದ ಅದನ್ನ ಹೇಳೋದು ಹೆಂಗ?

ದರೋಗಾ ಅಡಿಕಿ ಉಗುಳಿ ಬಂದು ಹೇಳಿದ, ಕೆಳಗಿನ ನಳಾ ಎಲ್ಲೀಗೂ ಹೋಗಂಗಿಲ್ಲ. ನೀವು ದಿನಾ ನಿಮ್ಮ ನಳಾ ಮುಚ್ಚರಿ, ಆ ಕೊಳವಿ ಬಿಚ್ಚಿ ಒಗೀರಿ, ಇಲ್ಲಾಂದ್ರ ನಿಮ್ಮ ನಳಾನ ಕಡಸ್ತೀನಿ. "ಚರ್ಮ ಮುಟ್ಟಂಗಿಲ್ಲ. ಕಡಸ್ರಿ" ಅಂದ್ರು ಅತ್ಯಾ. ಸರಿ ಅಂದ. ನಮ್ಮ ನಳ ಹೋತು, ಮತ್ತ ಎಲ್ಲಾ ನೀರೂ ಬಾವಿಯಿಂದ ನನ್ನ ರಟ್ಟಿ ಮ್ಯಾಲ ಬಂತು. ಕೆಳಗಿನ ಓ‌ಣಿಯ ನಳ ಉಳೀತು. ಕೂಸಿನ ಹೊಟ್ಟಿ ಬರಬರತಾ ಸುಧಾರಿಸ್ತು ಅಂತ ಬ್ಯಾರೆಯವರಿಂದ ಕೇಳಿದೆ, ಯಾಕಂದ್ರ ಅಕಿ ಮತ್ತ ನಮ್ಮ ಹಿತ್ತಲ ಬಾಗಿಲಿಗೆ ಬರಲಿಲ್ಲ.

ಇದೆಲ್ಲಾ ಆಮ್ಯಾಲಿನ ಮಾತು. ಅವತ್ತ ಸಂಜಿಗೆ ಆದದ್ದನ್ನ ಹೇಳಿ ಮುಗಸ್ತೀನಿ. ಅತ್ಯಾ ತಲಿ ಮ್ಯಾಲ ನೀರು ಹಾಕಿಕೊಂಡು ಬಂದು ಪಂಚಗವ್ಯ ಕಲಿಸಿದ್ರು. ಆಕಳದ ಗಂಜಳ, ಸೆಗಣಿ, ಹಾಲು, ಮೊಸರು, ತುಪ್ಪ. ಇಷ್ಟು ದಿನ ನಮ್ಮ ಬಾನಿಯ ನೀರಿಗೆ ಅವರ ನಳದ ನೀರು ಪೈಪಿನಾಗ ಹತ್ತಿಕೊಂಡಿತ್ತಲ್ಲ, ಅದಕ್ಕ ನಾವೆಲ್ಲಾ ಶುದ್ಧ ಆಗಬೇಕಂತ. ಮಾವನವರಿಗೆ ಕೊಟ್ರು. ತಾವು ತಗೊಂಡ್ರು. ನನ್ನ ಅಂಗೈಯಾಗ ಹಾಕಿದ್ರು.

ಕೈ ಚಾಚಿಕೊಂಡ ಕೇಳಿದೆ, "ಅತ್ಯಾ, ಮತ್ತ ಅಕಿಗೆ?"

ಅವರು ನನ್ನ ಮುಖ ನೋಡಿದ್ರು. ಸಿಟ್ಟು ಇರಲಿಲ್ಲ ಅವರ ಮುಖದಾಗ, ಖರೇನ ತಿಳೀಲಿಲ್ಲ ಅವರಿಗೆ. "ಅಕಿಗ್ಯಾಕ? ಅಕಿಗೇನಾಗ್ಯದ?" ಅಂದ್ರು.

ಅಂಗೈ ಬಗ್ಗಿಸಿ ಅದನ್ನ ಅವರ ಮುಂದ ನೆಲಕ್ಕ ಚೆಲ್ಲಿ, ನಾನು ಬಾವಿಗೆ ನೀರು ಸೇದಾಕ ಹೋದೆ.